ಕೆಂಪು ನೂಲಿನ ಗಾಂಧಾರ

ತಂಬೂರಿಯ ತಂತಿ ಝೇಂಕರಿಸಬೇಕಾದರೆ ತಂತಿಗಳನ್ನು ಹೊರುವ ಮರದ ಕುದುರೆಯ ಮೇಲೆ, ತಂತಿಯ ಅಡಿಗೆ, ಒಂದೆಳೆ ನೂಲು ಇಡಬೇಕು. ಸವೆದರೆ ಕಿತ್ತು ಹೊಸದು ಹಾಕುತ್ತೇವೆ. ಮಂಡ್ಯದ ನನ್ನ ರಿಪೇರಿ ಅಂಗಡಿಯಲ್ಲಿ ಕಿತ್ತ ನೂಲನ್ನೆಲ್ಲ ನನ್ನ ಹೆಂಡತಿ ಇಂದ್ರಮ್ಮ ಕೂಡಿಟ್ಟು ದೀಪದ ಬತ್ತಿ ಹೊಸೆಯುತ್ತಿದ್ದಳು. ಕೆಲಸ ಮಾಡುವಾಗ ಏನಾದರೊಂದು ಗುನುಗುತ್ತಲೇ ಇರುವವಳು. ಬಾಯಿ ಮುಚ್ಚಿದರೆ ಮೂಗಿನಲ್ಲಿ ರಾಗ.

ಎಪ್ಪತ್ಮೂರರಲ್ಲಿ ಮಳವಳ್ಳಿಯ ಸಂಗೀತದ ಮೇಷ್ಟ್ರು ತಿರುನಾರಾಯಣ ಅವರ ತಂಬೂರಿ ರಿಪೇರಿಗೆ ಬಂತು. ಮೂರು ತಂತಿಗೆ ಬಿಳಿ ನೂಲು, ನಾಲ್ಕನೆಯ ಮಂದ್ರದ ತಂತಿಗೆ ಕೆಂಪು. ನಾನು ಕುದುರೆ ಉಜ್ಜಿ, ನಾಲ್ಕಕ್ಕೂ ಹೊಸ ಬಿಳಿ ನೂಲು ಹಾಕಿ ಕಳಿಸಿದೆ.

ವಾರಕ್ಕೆ ಅವರ ಕಾರ್ಡು ಬಂತು. ಆ ಕೆಂಪು ನೂಲು ತೀರಿಹೋದ ಹೆಂಡತಿ ತಿರುಮಲಮ್ಮನವರ ಸೆರಗಿನದು. ದಮ್ಮು ಹತ್ತಿ ಕೊನೆಯ ವರ್ಷ ಆಕೆಗೆ ಕೀರ್ತನೆ ಹಾಡಲಾಗುತ್ತಿರಲಿಲ್ಲ. ಇವರು ಮೀಟಿದರೆ ಸರಿಗಮದ ಗ, ಒಂದೇ ಒಂದು ಗಾಂಧಾರ ಹಾಡಿ, ಉಸಿರು ತಿರುಗುವ ತನಕ ಸುಮ್ಮನಿದ್ದು, ಮತ್ತೆ ಅದನ್ನೇ ಹಾಡುತ್ತಿದ್ದರಂತೆ. ಆಕೆ ಹೋದ ಮೇಲೂ ಬೆಳಿಗ್ಗೆ ಮೀಟಿದರೆ ಆ ಗಾಂಧಾರ ಬರುತ್ತಿತ್ತು, ಈಗ ಬರುತ್ತಿಲ್ಲ, ನೂಲಿದ್ದರೆ ಕೊಡಿ ಎಂದು ಬರೆದಿದ್ದರು.

ಒಳ್ಳೆಯ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿಯೇ ಕೇಳುತ್ತದೆ. ಅದು ಕಸುಬಿನವರಿಗೆಲ್ಲ ಗೊತ್ತು. ಆದರೂ ಇಂದ್ರಮ್ಮನನ್ನು ಕೇಳಿದೆ.

"ಅದಾಗ್ಲೇ ಉರ್ದೋಯ್ತಲ್ಲ," ಅಂದಳು. "ಅದೇನೋ ಗುಂಯ್ ಅನ್ಕೊಂಡು ಉರೀತು ಕಣಪ್ಪ."

ಮುದುಕರ ಮನಸ್ಸಿಗೆ ಸಮಾಧಾನವಾದರೆ ಸಾಕು ಅನ್ನಿಸಿತು. ಅವಳಿಗೆ ಹೇಳದೆ ಅವಳ ಹಳೆಯ ಕೆಂಪು ಸೀರೆಯ ಸೆರಗಿನಿಂದ ಒಂದೆಳೆ ಎಳೆದುಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋದೆ. ಅದೇ ನೂಲು ಎಂದು ಸುಳ್ಳು ಹೇಳಿ ಮಂದ್ರದ ತಂತಿಯಡಿಗೆ ಕೂರಿಸಿದೆ. ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು.

ಮೇಷ್ಟ್ರು ಒಂದು ಸುತ್ತು ಮೀಟಿ, ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದರು. ಸದ್ದು ನಿಂತಿತು. ನಿಂತ ಮೇಲೆ ಗಾಂಧಾರ ಬಂತು, ಮೂಗಿನಲ್ಲಿ ಗುನುಗಿದ ಹಾಗೆ. ಇಪ್ಪತ್ತು ವರ್ಷ ನನ್ನ ಅಡುಗೆಮನೆಯಿಂದ ಕೇಳಿದ ದನಿ ಅದು.

ಮೇಷ್ಟ್ರ ಮುಖದಲ್ಲಿ ಆಸೆ ಬಂದು ಹೋಯಿತು. ಇನ್ನೊಮ್ಮೆ ಮೀಟಲು ಎತ್ತಿದ ಬೆರಳನ್ನು ಹಾಗೇ ಇಳಿಸಿದರು.

"ಇವಳು ನನ್ನವಳಲ್ಲ, ಹೊನ್ನಯ್ಯ. ನಿನ್ನ ಮನೆಯವಳು ಬದುಕಿದ್ದಾಳೆ ತಾನೆ?"

ಹೂಂ ಅಂದೆ.

"ಹಾಗಾದರೆ ಇದನ್ನ ಇಲ್ಲಿ ಬಿಟ್ಟು ಹೋಗಬೇಡ. ನನಗೆ ಅಭ್ಯಾಸವಾಗಿಬಿಡುತ್ತೆ."

ತಾವೇ ನೂಲು ಬಿಡಿಸಿ ನನ್ನ ಕೈಗಿಟ್ಟರು.

ಸಂಜೆ ಮನೆಗೆ ಬಂದಾಗ ಇಂದ್ರಮ್ಮ ಅಕ್ಕಿ ಆರಿಸುತ್ತಿದ್ದಳು. ಗುನುಗುತ್ತಿರಲಿಲ್ಲ.

"ಮದ್ಯಾನ ಹನ್ನೆರಡರ ಸೈರನ್ ಆಯ್ತಲ್ಲ, ಆಗ ದನೀನೇ ಹೊರಡ್ನಿಲ್ಲ. ಯಾರೋ ಬಾಯ್ಮೇಲೆ ಅಂಗೈ ಒತ್ತಿದಂಗಾಯ್ತು. ಆಮ್ಯಾಕೆ ಬುಟ್ಟೋಯ್ತು."

ನಾನು ಆ ಎಳೆಯನ್ನು ಸೂಜಿಗೆ ಪೋಣಿಸಿ ಅದೇ ಸೆರಗಿಗೆ ಹೊಲಿದೆ. ಗಂಡಸು ಸೀರೆ ಹೊಲಿಯೋದ ನೋಡು ಎಂದು ಅವಳು ನಕ್ಕಳು.

ಮುಂದೊಂದು ಬೆಳಿಗ್ಗೆ ಕೆಲಸದ ಮೇಲೆ ಮಳವಳ್ಳಿಗೆ ಹೋದವನು ಮೇಷ್ಟ್ರ ಕಿಟಕಿಯ ಹೊರಗೆ ನಿಂತೆ. ಮೂರು ತಂತಿ ಝೇಂಕರಿಸುತ್ತಿದ್ದವು. ನಾಲ್ಕನೆಯದಕ್ಕೆ ಅವರು ನೂಲೇ ಹಾಕಿರಲಿಲ್ಲ, ಒಣ ಸದ್ದು. ಅದನ್ನು ಮೀಟಿ, ದಮ್ಮಿನವರಿಗೆ ಉಸಿರು ತಿರುಗಲು ಬೇಕಾಗುವಷ್ಟು ಹೊತ್ತು ಕಾದು, ಮತ್ತೆ ಮೊದಲಿನಿಂದ ಮೀಟುತ್ತಿದ್ದರು. ನಾನೂ ಉಸಿರು ಹಿಡಿದು ಕಾದೆ. ಏನೂ ಬರಲಿಲ್ಲ.