ಜಟ್ಟೆಪ್ಪ ಕೆಡವಿದ ಬದು

ಊರು ಬಿಟ್ಟು ಬಂದು ಕಳಂಬೋಲಿಯ ಕಬ್ಬಿಣ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸ ಮಾಡುವ ಜಟ್ಟೆಪ್ಪನಿಗೆ ಒಂದು ಮಾತು ಬಾಯಿಪಾಠವಾಗಿತ್ತು. "ನಮ್ಮೂರಾಗ ಮಳಿ ಇಲ್ಲ." ಇಂಡಿ ಕಡೆ ಇರುವ ತನ್ನ ನಾಲ್ಕು ಎಕರೆ ಎರೆಹೊಲದ ಸುದ್ದಿ ಬಂದರೆ ಸಾಕು, ಮುಗಿಲಿಗೆ ಬೈಯುತ್ತಿದ್ದ. ಕುಣಿಯಲಾರದವರಿಗೆ ನೆಲ ಡೊಂಕು!

ಈ ಸಲ ಬಿತ್ತಲೂ ಇಲ್ಲ, ಹೊಲ ಮಾರುವುದೆಂದೇ ನಿಶ್ಚಯಿಸಿದ. ಕೊಳ್ಳುವವನು ಭಾನುವಾರ ಫೋನ್ ಮಾಡುವವನಿದ್ದ. ಊರಿಗೆ ಹೋಗಿ ಆ ಹೊಲದಲ್ಲಿ ದುಡಿದು ಬದುಕಬೇಕೆಂದು ಆಸೆ ಇಟ್ಟುಕೊಂಡಿದ್ದ ಹೆಂಡತಿ ಚಂದ್ರಬಾಯಿ ಊರಲ್ಲಿದ್ದ ತಂಗಿಗೆ ಫೋನ್ ಮಾಡಿ ವಿಷಯ ತಿಳಿಸಿದಳು.

ಶನಿವಾರ ಅವಳ ತಂಗಿ ದಾನೇಶ್ವರಿ ಬಂದಳು. ಅಕ್ಕನ ಗಂಡನ ಊರಿಗೇ ಸೊಸೆಯಾಗಿ ಹೋದವಳು, ಅಲ್ಲಿ ಕೃಷಿ ಸಖಿ. ಬೇಸಾಯದ ತರಬೇತಿ ಪಡೆದು ರೈತರಿಗೆ ತಿಳಿಹೇಳುವುದು ಅವಳ ಕೆಲಸ.

"ಮಾವಾ, ಹೊಲಾ ಯಾಕ ಮಾರ್ತೀರಿ?"

"ಮಳಿನ ಇಲ್ಲಂದ ಮ್ಯಾಲೆ ಹೊಲಾ ಇಟ್ಕೊಂಡು ಪೂಜಿ ಮಾಡ್ಲೇನು?"

"ನಮ್ಮ ಹೊಲಕ್ಕ ಆದಷ್ಟ ಮಳಿ ನಿಮ್ಮ ಹೊಲಕ್ಕೂ ಆಗೇತಿ. ನಡುವ ಇರೂದು ಒಂದು ಬಂಡಿ ಹಾದಿ. ಹೋದ ವರ್ಷ ನಮಗ ಜ್ವಾಳ ಬಂತು. ನಿಮಗ್ಯಾಕ ಏನೂ ಬರ್ಲಿಲ್ಲ?"

"ನಿಮ್ಮ ದೈವ ಛಲೋ ಐತಿ ಬಿಡವಾ."

"ದೈವದ ಮಾತು ಆಮ್ಯಾಗ. ನಿಮ್ಮಪ್ಪ ಹಾಕಿದ ಬದು ಏನ್ ಮಾಡಿದ್ರಿ?"

"ಕೆಡವಿಸೀನಿ" ಎಂದ ಜಟ್ಟೆಪ್ಪ. ಊರಿಗೆ ಹೋಗಲು ಅವನಿಗೆ ವರ್ಷಕ್ಕೆ ಎಂಟೇ ದಿನ ರಜೆ. ಟ್ರ್ಯಾಕ್ಟರ್ ಬೇಗ ತಿರುಗಲಿ, ನಾಲ್ಕು ಸಾಲು ಹೆಚ್ಚು ಬರಲಿ ಎಂದು ಬದುಗಳನ್ನೆಲ್ಲ ಕೆಡವಿಸಿದ್ದ. ಕಾಯುವವರಿಲ್ಲದೆ ಜೋಳ ಹಕ್ಕಿಪಾಲಾಗುತ್ತದೆ ಎಂದು ಏಳು ವರ್ಷ ಬರೀ ತೊಗರಿ ಬಿತ್ತಿದ್ದ.

ಅಷ್ಟರಲ್ಲಿ ಹೊರಗೆ ಮಳೆ ಸುರಿಯತೊಡಗಿತು. ಅವರ ಮನೆಯಿದ್ದ ಚಾಳಿನ ಮುಂದೆ ಗಟಾರ ತೋಡಿದ ಮಣ್ಣಿನ ದಿಬ್ಬವಿತ್ತು. ದಾನೇಶ್ವರಿ ಸೆರಗು ಸಿಕ್ಕಿಸಿಕೊಂಡು ಇಳಿದಳು. ದಿಬ್ಬದ ಒಂದು ಬದಿಗೆ ಕೈಯಿಂದಲೇ ಗೇಣುದ್ದದ ಸಣ್ಣ ಸಣ್ಣ ಚೌಕಗಳನ್ನು ಕಟ್ಟಿದಳು. ಇನ್ನೊಂದು ಬದಿಯನ್ನು ಹಾಗೇ ಬಿಟ್ಟಳು. ಬಿಟ್ಟ ಕಡೆ ನೀರು ಮಣ್ಣನ್ನೂ ಎಳೆದುಕೊಂಡು ಗಟಾರಕ್ಕೆ ಓಡಿತು. ಚೌಕಗಳಲ್ಲಿ ನೀರು ನಿಂತು ನಿಧಾನವಾಗಿ ಇಂಗಿತು.

"ಮಳಿ ಒಂದ ಐತಿ. ನೋಡ್ರಿ ಮಾವಾ, ಇದ ಚೌಕಮಡಿ. ಬದೂನೂ ಹಿಂಗ ನೀರು ಹಿಡೀತೈತಿ."

ಚಂದ್ರಬಾಯಿಗೆ ಸಿಟ್ಟು ತಡೆಯಲಾಗಲಿಲ್ಲ. "ಏಳು ವರ್ಷ ನಮ್ಮ ಮಣ್ಣು ಹಿಂಗ ಹಳ್ಳಕ್ಕ ಹೋಗೇತಿ. ನೀವು ಮುಗಿಲಿಗೆ ಬೈಕೋತ ಕುಂತ್ರಿ!"

ಜಟ್ಟೆಪ್ಪ ಸೋಲಲಿಲ್ಲ. "ಬದು ಹಾಕಿದ್ರ ತೊಗರಿ ಉಳೀತೈತೇನು? ಹಸೀ ಗಿಡ ನಿಂತಲ್ಲೇ ಒಣಗತಾವಲ್ಲ."

"ಅದು ನೆಟೆರೋಗ. ವರ್ಷಾ ತೊಗರಿನ ಬಿತ್ತಿದ್ರ ಆ ರೋಗ ಮಣ್ಣಾಗ ಮನಿ ಮಾಡ್ತೈತಿ. ಎರಡು ಮೂರು ವರ್ಷ ತೊಗರಿ ಬಿಡ್ರಿ. ಮಣ್ಣು ಪರೀಕ್ಷೆ ಮಾಡಸ್ರಿ. ಈಗ ಬದು ಹಾಕಿ, ಮಡಿ ಕಟ್ಟಿ ನೀರು ಇಂಗಸ್ರಿ, ಹಿಂಗಾರಿಗೆ ಬಿಳಿಜ್ವಾಳ ಬಿತ್ರಿ."

"ಮಳಿ ಕೈಕೊಟ್ರ?"

"ಕೈಕೊಟ್ಟಾಗನ ಇಂಗಿದ ನೀರು ಕೆಲಸಕ್ಕ ಬರೂದು."

"ಹಕ್ಕಿ ಕಾಯಾವ್ರು ಯಾರು?"

"ನಾ ಕಾಯ್ತೀನಿ" ಎಂದಳು ಚಂದ್ರಬಾಯಿ. "ತಂಗಿ ಸಂಗಡನ ಹೊಂಟೀನಿ. ನೀವು ಮನಸ್ಸಾದಾಗ ಬರ್ರಿ."

ಜಟ್ಟೆಪ್ಪ ಮಳೆಗಿಳಿದು, ದಿಬ್ಬದ ಬಿಟ್ಟ ಬದಿಗೆ ತಾನೂ ಒಂದು ಚೌಕ ಕಟ್ಟಿದ. ಭಾನುವಾರ ಫೋನ್ ಬಂತು. "ಹೊಲಾ ಮಾರೂದಿಲ್ಲರಿ" ಎಂದ. "ತಪ್ಪು ಹೊಲದ್ದಲ್ಲ, ನಂದ."

ಕಳಂಬೋಲಿ, ಮಹಾಪೆ, ವಿಠ್ಠಲವಾಡಿಯಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಊರಲ್ಲಿ ನಿಮಗೂ ಹೊಲವಿದೆಯೇ? ಇವತ್ತೇ ಮನೆಗೆ ಫೋನ್ ಮಾಡಿ. ಬದು ಗಟ್ಟಿ ಇದೆಯೇ, ಹೋದ ವರ್ಷದ ಬೆಳೆಯನ್ನೇ ಮತ್ತೆ ಬಿತ್ತುತ್ತಿದ್ದಾರೆಯೇ ಎಂದು ಕೇಳಿ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಸಲಹೆ ಪಡೆಯಲು ಹೇಳಿ. ಹೊಲ ಮಾರುವ ಮೊದಲು ಒಂದು ಮಳೆಗಾಲ ಅದರಲ್ಲಿ ನೀರು ನಿಲ್ಲಿಸಿ ನೋಡಿ.