ಜರಿ ಕಡಿಯುವ ಮುನ್ನ ನಿಲ್ಲುವ ಮಗ್ಗ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಈ ತಾಪತ್ರಯ ಯಾರಿಗೆ ಗೊತ್ತಿಲ್ಲ? ಸೀರೆ ಅಂಚಿನ ಜರಿ ಪಟ್ಟನೆ ಕಡಿಯುತ್ತದೆ. ಕಡಿದ ಮೇಲೆ ಮಗ್ಗ ನಿಲ್ಲಿಸುವ ಸಾಧನ ಹಿಂದಿನಿಂದಲೂ ಇದೆ. ಆದರೆ ಅಷ್ಟರಲ್ಲಿ ಅಂಚು ಕೆಟ್ಟಿರುತ್ತದೆ.

ನೇಕಾರರ ಮನೆಯ ವರಲಕ್ಷ್ಮಮ್ಮ ಅದಕ್ಕೊಂದು ಉಪಾಯ ಕಂಡುಹಿಡಿದರು. ಅದರಲ್ಲಿ ಜರಿಯ ಎಳೆ, ತಂತಿಯ ಕೊಕ್ಕೆಯೊಂದರ ಮೂಲಕ ಹಾಯುತ್ತದೆ. ಅತಿಯಾಗಿ ಬಿಗಿಯಾದರೆ ಕೊಕ್ಕೆ ವಾಲಿ, ಎಳೆ ಕಡಿಯುವ ಮೊದಲೇ ಮಗ್ಗ ನಿಲ್ಲುತ್ತದೆ. ಕೊಕ್ಕೆಯನ್ನು ಹಿಡಿದಿಡಲು ಸೈಕಲ್ ಸ್ಪ್ರಿಂಗ್ ಹಾಕಿದ್ದರು.

"ಇದನ್ನ ಬೀದಿಗೆಲ್ಲ ತೋರಿಸ್ಬೇಕು ಕಣೇ!" ಗಂಡ ಸಂಜೀವಪ್ಪ ಹಿಗ್ಗಿದರು.

"ಈಗಲೇ ಬೇಡ ದೊಡ್ಡಪ್ಪ. ಮೊದ್ಲು ಪೇಟೆಂಟಿಗೆ ಅರ್ಜಿ ಹಾಕೋಣ. ಎಲ್ರಿಗೂ ತೋರಿಸ್ಬಿಟ್ರೆ ಇದು ಹೊಸದಲ್ಲ ಅಂತ ಪೇಟೆಂಟ್ ಕೊಡಲ್ಲ," ಎಂದಳು ವರಲಕ್ಷ್ಮಮ್ಮನ ತಂಗಿಯ ಮಗಳು ಶ್ವೇತ. ಬೆಂಗಳೂರಿನ ಪೇಟೆಂಟ್ ವಕೀಲರ ಕಚೇರಿಯಲ್ಲಿ ಆಕೆಗೆ ಕೆಲಸ.

"ಅದೆಲ್ಲ ದೊಡ್ಡ ಕಂಪನಿಯವ್ರಿಗೆ. ನಮ್ಮಂಥೋರಿಗ್ಯಾಕವ್ವಾ?" ಎಂದರು ಸಂಜೀವಪ್ಪ.

"ಪೇಟೆಂಟ್ ಇದ್ರೆ, ಬೇರೆಯವ್ರು ಇದನ್ನ ಮಾಡಿ ಮಾರೋಕೆ ದೊಡ್ಡಮ್ಮನ ಒಪ್ಪಿಗೆ ಬೇಕು. ಆ ಒಪ್ಪಿಗೆಗೇ ಲೈಸೆನ್ಸ್ ಅನ್ನೋದು."

"ಹಂಗಾದ್ರೆ ಬರ್ಕೋ," ಎಂದರು ವರಲಕ್ಷ್ಮಮ್ಮ. "ಸೈಕಲ್ ಸ್ಪ್ರಿಂಗ್ ಹಾಕಿರೋ ಕೊಕ್ಕೆ."

"ಅಷ್ಟೇ ಬರೆದ್ರೆ ನಾಳೆ ಯಾರೋ ರಬ್ಬರ್ ಹಾಕಿ, ಇದು ಬೇರೆ ಅಂತಾರೆ. ಲೈಸೆನ್ಸ್ ಯಾಕೆ ಕೇಳ್ತಾರೆ?"

"ಸರಿ ಬಿಡು, ಮಗ್ಗ ನಿಲ್ಸೋ ಸಾಧನ ಎಲ್ಲಾ ನಮ್ದೇ ಅಂತ ಬರ್ದ್ಬಿಡು!" ಎಂದರು ಸಂಜೀವಪ್ಪ.

ಶ್ವೇತ ನಕ್ಕಳು. "ಅದು ಹಳೇದಲ್ವಾ ದೊಡ್ಡಪ್ಪ? ನಮ್ದಲ್ಲದ್ದನ್ನ ಕೇಳಿದ್ರೆ ಅರ್ಜಿ ತಳ್ಳಿಹಾಕ್ತಾರೆ. ಪೇಟೆಂಟ್ ಸಿಕ್ಕಿದ್ರೂ ಯಾರಾದ್ರೂ ಕೇಸ್ ಹಾಕಿ ರದ್ದು ಮಾಡಿಸ್ತಾರೆ. ದೊಡ್ಡಮ್ಮ, ನೀನು ಹೊಸದಾಗಿ ಮಾಡಿದ್ದೇನು, ಹೇಳು?"

ವರಲಕ್ಷ್ಮಮ್ಮ ಮಗ್ಗದ ಕಡೆ ನೋಡಿದರು. "ಜರಿ ಬಿಗಿಯಾಗೋದನ್ನ ಕೊಕ್ಕೆಯಿಂದ ಹಿಡ್ದು, ಕಡಿಯೋಕೆ ಮುಂಚೆ ನಿಲ್ಸೋದು. ಸ್ಪ್ರಿಂಗ್ ಬದಲು ಏನ್ ಹಾಕಿದ್ರೂ ನಡೀತದೆ."

"ಹಾಂ! ಅರ್ಜೀಲಿ ಅದನ್ನೇ ನಮ್ದು ಅಂತ ಕೇಳೋಣ," ಎಂದಳು ಶ್ವೇತ.

ಪೇಟೆಂಟ್ ಕೈಸೇರಲು ಕಾಲ ಹಿಡಿಯಿತು. ಸುದ್ದಿ ಕೇಳಿ ದಾಬಸ್‌ಪೇಟೆಯ ಮಗ್ಗದ ಬಿಡಿಭಾಗ ಕಾರ್ಖಾನೆಯ ಉಮಾಶಂಕರ್ ಮನೆಗೇ ಬಂದರು.

"ನಾನು ರಬ್ಬರ್ ಹಾಕಿ ಮಾಡ್ತೀನಮ್ಮ. ನಿಮ್ಮನ್ನ ಯಾಕೆ ಕೇಳ್ಬೇಕು?"

ಸಂಜೀವಪ್ಪನ ಮುಖ ಬಾಡಿತು. ವರಲಕ್ಷ್ಮಮ್ಮ ಮಾತ್ರ ಅಳುಕಲಿಲ್ಲ. "ಪೇಟೆಂಟ್ ಓದಿ ಸಾರ್. ರಬ್ಬರೂ ಇದರೊಳಗೇ ಬರ್ತದೆ."

ಉಮಾಶಂಕರ್ ತಮ್ಮ ವಕೀಲರನ್ನು ಕೇಳಿಕೊಂಡು ಮತ್ತೆ ಬಂದರು. "ಲೈಸೆನ್ಸ್ ಕೊಡಿ ಅಮ್ಮ."

"ಕೊಡ್ತೀನಿ. ಆದ್ರೆ ನಿಮ್ಮೊಬ್ರಿಗೇ ಅಲ್ಲ, ಬೇರೆಯವ್ರು ಕೇಳಿದ್ರೂ ಕೊಡ್ತೀನಿ. ಸಾಧನದ ಮೇಲೆ ನನ್ನ ಹೆಸ್ರು, ನಮ್ಮೂರಿನ ಹೆಸ್ರು ಎರಡೂ ಇರ್ಬೇಕು."

ಹಾಗೆಯೇ ಆಯಿತು. ಈಗ ಸಂಜೀವಪ್ಪ ಯಾರ ಮಗ್ಗದ ಮನೆಗೆ ಹೋದರೂ ಮೊದಲು ಆ ಸಾಧನದ ಹತ್ತಿರ ನಿಂತು ಅದರ ಮೇಲಿನ ಹೆಸರು ತೋರಿಸುತ್ತಾರೆ. "ಓದಪ್ಪಾ, ಗಟ್ಟಿಯಾಗಿ ಓದು. ನಮ್ಮನೆಯೋಳು ಮಾಡಿದ್ದು!"

ನೀವೂ ಹೊಸದೇನಾದರೂ ಕಂಡುಹಿಡಿದಿದ್ದೀರಾ? ಊರಿಗೆ ತೋರಿಸುವ ಮೊದಲು ಪೇಟೆಂಟ್ ಬಲ್ಲವರನ್ನು ಕಾಣಿ. ಅರ್ಜಿಯಲ್ಲಿ ತೀರಾ ಕಡಿಮೆ ಕೇಳಿದರೆ ನಿಮ್ಮ ಒಪ್ಪಿಗೆ ಯಾರಿಗೂ ಬೇಕಾಗದು. ತೀರಾ ಹೆಚ್ಚು ಕೇಳಿದರೆ ಲೈಸೆನ್ಸ್ ಕೊಡಲು ನಿಮ್ಮಲ್ಲಿ ಏನೂ ಉಳಿಯದು. ನಿಮ್ಮ ಬುದ್ಧಿಯಿಂದ ಹುಟ್ಟಿದಷ್ಟನ್ನೂ ಕೇಳಿ, ತಲೆಯೆತ್ತಿ ಕೇಳಿ!