ಅವ್ವನ ಕೊನೆಯ ಚಾಪೆ

ಪುರುನ್ ಜೊಂಡನ್ನು ಕೊಯ್ಯುವಾಗ ನೀರಿನ ಮೇಲೆ ಒಂದು ಗೇಣು ಬಿಡಬೇಕು. ಮಸ್ನಾಗೆ ಇದನ್ನು ಅವಳ ಅವ್ವ ಜಾರಿಯಾ ಹೇಳಿಕೊಟ್ಟಿದ್ದು ಏಳನೇ ವಯಸ್ಸಿನಲ್ಲಿ, ದೋಣಿಯ ಮೂತಿಯಲ್ಲಿ ಕೂರಿಸಿಕೊಂಡು. "ಅದು ಅದರ ಮೂಗು ಕಣೇ. ನೀರೊಳಗೆ ಮೂಗು ಅದ್ದಿ ಹಿಡಿದ್ರೆ ನೀನಾದ್ರೂ ಬದುಕ್ತೀಯಾ?" ಎಂದಿದ್ದಳು. ಟೊಳ್ಳು ದಂಟಿನಲ್ಲಿ ಬೇರಿಗೆ ಗಾಳಿ ಇಳಿಯುತ್ತದೆ ಎನ್ನುವುದನ್ನು ಆ ಜೌಗುನಾಡಿನ ಬಾಂಜಾರ್ ಜನಾಂಗದ ಹೆಂಗಸರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಕೊಯ್ದು, ಒಣಗಿಸಿ, ಒನಕೆಯಲ್ಲಿ ಜಜ್ಜಿ ಚಾಪೆ ಹೆಣೆಯುತ್ತಿದ್ದರು. ಮರುವರ್ಷ ಜೌಗಿನಲ್ಲಿ ಜೊಂಡು ಮತ್ತೆ ಆಳೆತ್ತರ ನಿಂತಿರುತ್ತಿತ್ತು.

ಆ ಊರಿನಲ್ಲಿ ಸತ್ತವರನ್ನು ಚಾಪೆಯಲ್ಲಿ ಸುತ್ತಿಯೇ ಮಣ್ಣಿಗಿಳಿಸುವುದು. ಚಾಪೆ ಹೊಸದಾಗಿರಬೇಕು, ಸ್ವಂತ ಜೌಗಿನ ಜೊಂಡಾಗಿರಬೇಕು, ಮಗಳೇ ಹೆಣೆದಿರಬೇಕು. ಕಣ್ಣು ಹೋಗಿ ಮೂಲೆ ಹಿಡಿದ ಜಾರಿಯಾಗೆ ಬೇರೆ ಆಸೆಯೇ ಉಳಿದಿರಲಿಲ್ಲ. "ಬಂಗಾರ ಕೇಳಲ್ಲ, ಮೆಕ್ಕಾಕ್ಕೆ ಕಳಿಸು ಅಂತ ಕೇಳಲ್ಲ. ಒಂದು ಚಾಪೆ ಹೆಣೆದು ಇಟ್ಟಿರು," ಎನ್ನುತ್ತಿದ್ದಳು. "ಈಗೇನವಸರ ಬಿಡವ್ವ," ಎನ್ನುತ್ತಿದ್ದಳು ಮಸ್ನಾ.

ಅಷ್ಟರಲ್ಲಿ ಪಟ್ಟಣದಿಂದ, ಜೊಂಡಿನ ಸ್ಟ್ರಾ ಮಾರುವ ಪರಮಿತಾ ಬಂದಳು. ಕೆಟ್ಟ ಹುಡುಗಿಯೇನಲ್ಲ. ಮಸ್ನಾ ಕೊಟ್ಟ ಬಿಸಿ ಚಹಾಕ್ಕೂ ಜೊಂಡಿನ ತುಂಡು ಹಾಕಿಕೊಂಡು ಹೀರಿ ನಾಲಿಗೆ ಸುಟ್ಟುಕೊಂಡಳು, ಪಾಪ. "ಪ್ಲಾಸ್ಟಿಕ್ ಸ್ಟ್ರಾ ಭೂಮಿಗೆ ವಿಷ ಚಿಕ್ಕಮ್ಮ. ನೀವು ಇದನ್ನ ಗೇಣುದ್ದ ಕತ್ತರಿಸಿ ಒಣಗಿಸಿ ಕೊಡಿ, ಸಾಕು. ಜಜ್ಜೋದು ಬೇಡ, ಹೆಣೆಯೋದು ಬೇಡ. ಕೊಯ್ದಷ್ಟೂ ಬೆಳೆಯುತ್ತೆ, ಅದೇ ಇದರ ಚೆಂದ," ಎಂದಳು. ಬೆನ್ನು ಬಗ್ಗಿಸಿ ಜಜ್ಜಿ ಜಜ್ಜಿ ಸೊಂಟ ಬಿದ್ದುಹೋಗಿದ್ದ ಹೆಂಗಸರು ಬೇಡ ಎನ್ನುತ್ತಾರೆಯೇ?

ಪಟ್ಟಣದವರಿಗೆ ದಪ್ಪ ಸ್ಟ್ರಾ ಬೇಕಿತ್ತು, ಸಾಬಕ್ಕಿ ಗುಂಡು ಹಾಕಿದ ಶರಬತ್ತು ಹೀರಲು. ದಂಟು ದಪ್ಪಗಿರುವುದು ಬುಡದಲ್ಲಿ. ನೆರೆಮನೆಯ ಸಾನಿಯಾಗೆ ಅದು ಮೊದಲು ಹೊಳೆಯಿತು.

"ಮಸ್ನಕ್ಕ, ನಾವು ನೀರಲ್ಲಿ ಬಿಟ್ಟು ಬರ್ತೀವಲ್ಲ ಗೇಣು, ಅದೇ ಒಂದು ಸ್ಟ್ರಾ. ದಂಟಿಗೊಂದು ಸುಮ್ನೆ ಬಿಸಾಕ್ತಿದೀವಿ."

"ಅವ್ವ ಬೈತಾಳೆ ಕಣೇ."

"ನಿಮ್ಮವ್ವ ಬಂದು ನೋಡ್ತಾಳಾ?"

ಮಸ್ನಾ ನಕ್ಕುಬಿಟ್ಟಳು. ಆ ನಗು ಆಮೇಲೆ ಅವಳನ್ನು ಎಷ್ಟು ಸುಟ್ಟಿತು ಎಂದು ಅವಳಿಗೇ ಗೊತ್ತು. ಮಾರನೆಯ ದಿನ ಇಬ್ಬರೂ ನೀರಿಗಿಳಿದು, ಭುಜದವರೆಗೆ ಕೈ ಮುಳುಗಿಸಿ, ಕುಡುಗೋಲನ್ನು ಕೆಸರಿಗೆ ತಾಗಿಸಿ ಕೊಯ್ದರು. ಒಬ್ಬರನ್ನು ನೋಡಿ ಒಬ್ಬರು, ವಾರದೊಳಗೆ ಊರಿಗೆ ಊರೇ ಹಾಗೆ ಕೊಯ್ಯತೊಡಗಿತು. ಜೌಗು ಬೋಳಿಸಿದ ತಲೆಯ ಹಾಗಾಯಿತು. ಬೆಳೆಯುತ್ತದೆ ಬಿಡು ಎಂದರು ಎಲ್ಲರೂ. ಮಸ್ನಾ ಸಹ ಹಾಗೆಯೇ ಅಂದಳು.

ಮಳೆ ಬಂತು, ನೀರು ಎದೆಮಟ್ಟ ಏರಿತು. ಎರಡು ತಿಂಗಳಾದರೂ ಒಂದು ಹಸಿರು ಮೊಳಕೆ ಕಾಣಲಿಲ್ಲ. ನೀರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಮಸ್ನಾ ಮುಳುಗಿ ಒಂದು ಬೇರು ಕಿತ್ತಳು. ಅದು ಕರ್ರಗೆ ಗಂಜಿಯಂತೆ ಬೆರಳ ಸಂದಿಯಿಂದ ಸೋರಿಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪರಮಿತಾಗೆ ಫೋನ್ ಮಾಡಿದರೆ, "ಬೇಜಾರು ಮಾಡ್ಕೋಬೇಡಿ ಚಿಕ್ಕಮ್ಮ, ಮೇಲ್ದಂಡೆಯಲ್ಲಿ ಇನ್ನೊಂದು ಜೌಗು ಸಿಕ್ಕಿದೆ," ಎಂದಳು.

ಜಾರಿಯಾ ಅನ್ನ ಬಿಟ್ಟಿದ್ದು ಆ ಹೊತ್ತಿನಲ್ಲೇ. ಸೆಪತ್ ಮೀನಿನ ಸಾರನ್ನೂ ತುಟಿಗೆ ಸೋಕಿಸಿ ಸಾಕೆನ್ನುತ್ತಿದ್ದಳು.

"ನನ್ನ ಚಾಪೆ ಎಲ್ಲಿಗೆ ಬಂತೇ?"

"ಅರ್ಧ ಆಯ್ತವ್ವ."

"ಒನಕೆ ಸದ್ದೇ ಕೇಳಲ್ವಲ್ಲ."

ಮಸ್ನಾ ಜಗಲಿಗೆ ಹೋಗಿ, ಬಾಗಿದ್ದಕ್ಕೆ ಬೇಡವೆಂದು ಪಟ್ಟಣದಿಂದ ವಾಪಸು ಬಂದಿದ್ದ ಸ್ಟ್ರಾಗಳನ್ನು ಹಲಗೆಯ ಮೇಲೆ ಸುರಿದು ಜಜ್ಜಿದಳು. ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ಜಜ್ಜಿದಳು. ಅವ್ವ ಗೋಡೆಗೊರಗಿ ಕೇಳಿಸಿಕೊಂಡು ಸಮಾಧಾನದಿಂದ ಮಲಗುತ್ತಿದ್ದಳು. ನಾಲ್ಕನೆಯ ದಿನ ಕೈ ಚಾಚಿದಳು. "ಒಂದು ಹಿಡಿ ತಾ, ಮುಟ್ಟಿ ನೋಡ್ತೀನಿ."

ಕೊಡದೆ ವಿಧಿಯಿರಲಿಲ್ಲ. ಜಾರಿಯಾ ಒಂದು ತುಂಡನ್ನು ತಡವಿದಳು. ಇನ್ನೊಂದನ್ನು ತಡವಿದಳು. ತನ್ನ ಗೇಣನ್ನು ಅಗಲಿಸಿ ಅಳತೆ ಇಟ್ಟಳು. ತುದಿಯನ್ನು ಮೂಗಿಗೆ ಹಿಡಿದಳು.

"ಇದು ಬುಡದ್ದು. ಕೆಸರಿನ ವಾಸನೆ ಬರ್ತಿದೆ."

ಮಸ್ನಾ ಅಂಗೈಗಂಟಿದ್ದ ನಾರನ್ನು ಒರೆಸಿಕೊಂಡಳು.

"ಎಲ್ಲಾನೂ ಹೀಗೇ ಕೊಯ್ದ್ರಾ?"

"ಹೂಂ ಅವ್ವ."

ಮುದುಕಿ ಬೈಯಲಿಲ್ಲ. ಬೈದಿದ್ದರೆ ಮಸ್ನಾ ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದಳೋ ಏನೋ. ಜಾರಿಯಾ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ಮಗಳ ಮಡಿಲಿಗೆ ಹಾಕಿ ಗೋಡೆಯ ಕಡೆ ಹೊರಳಿದಳು. ಮತ್ತೆ ಚಾಪೆಯ ಮಾತೆತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ಕರೆದರೆ ಓಗೊಡಲಿಲ್ಲ.

ಸಾನಿಯಾಳ ಗಂಡ ಸರ್ಬೈನಿ ದೋಣಿ ಹತ್ತಿ ಕೆಳದಂಡೆಯ ಊರುಗಳಿಗೆಲ್ಲ ಹೋಗಿಬಂದ. ಯಾರ ಜೌಗಿನದಾದರೂ ಸರಿ, ಒಂದು ಹೊಸ ಚಾಪೆ ಸಿಕ್ಕರೆ ಸಾಕಿತ್ತು. ಅಲ್ಲೂ ಸ್ಟ್ರಾಗೆಂದು ಬುಡಕ್ಕೇ ಕೊಯ್ದಿದ್ದರು, ಗೇಣು ಜೊಂಡೂ ಉಳಿದಿರಲಿಲ್ಲ. ಹೊತ್ತು ಮೀರುತ್ತಿತ್ತು, ಜುಮ್ಮಾ ನಮಾಜು ಮುಗಿಯುತ್ತಿದ್ದಂತೆ ಒಯ್ಯಬೇಕು. ಸಾನಿಯಾ ತಲೆ ತಗ್ಗಿಸಿಕೊಂಡು ತನ್ನ ಮನೆಯ ಪ್ಲಾಸ್ಟಿಕ್ ಚಾಪೆ ತಂದುಕೊಟ್ಟಳು. ಸಂತೆಯಲ್ಲಿ ಕೊಂಡದ್ದು, ಹಸಿರು, ಮೇಲೆ ಕೆಂಪು ಗುಲಾಬಿ. ಬಿಳಿ ಬಟ್ಟೆಯಲ್ಲಿದ್ದ ಅವ್ವನನ್ನು ಅದರಲ್ಲಿ ಸುತ್ತಿ ಹೊತ್ತುಕೊಂಡು ಹೋದರು.

ಮಸ್ನಾ ಜಗಲಿಯಲ್ಲಿ ಒನಕೆಯ ಪಕ್ಕ ಕೂತಿದ್ದಳು. ಗಂಡಸರು ಮಣ್ಣು ಮಾಡಿ ಹಿಂತಿರುಗಿದರು. ಸರ್ಬೈನಿಯ ಕಂಕುಳಲ್ಲಿ ಹಸಿರು ಚಾಪೆ ಸುರುಳಿ ಸುತ್ತಿಕೊಂಡಿತ್ತು. ಅವನು ಅದನ್ನು ಮೆಟ್ಟಿಲ ಮೇಲಿಟ್ಟು, ಅವಳ ಮುಖ ನೋಡಲಾರದೆ ಹೇಳಿದ.

"ಇಮಾಮರು ಬೇಡ ಅಂದ್ರು ಅಕ್ಕ. ಇದು ಮಣ್ಣಾಗಲ್ವಂತೆ. ಅವ್ವನ್ನ ಹಾಗೇ ಇಳಿಸಿದ್ವಿ."